ಗಾಳಮೀಮಾಂಸೆ ಅಥವಾ ಹಿಡಿದು ಬಿಡುವ ಶಾಸ್ತ್ರ

ದಾರದ ಒಂದು ತುದಿಯಲ್ಲಿ ಮನುಷ್ಯ, ಇನ್ನೊಂದು ತುದಿಯಲ್ಲಿ ಮೀನು: ಇದು ಗಾಳದ ಲಕ್ಷಣ. ನಡುವೆ ಸರ್ಕಾರವೂ ಬಂದು ಕೂತರೆ ಅದು ಶಾಸ್ತ್ರ. ಹೊಟ್ಟೆಪಾಡಿಗೆ ಬಲೆ ಬೀಸುವವರು ಈ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ. ಅವರಿಗೆ ಬೇರೆ ಕಾಯ್ದೆಗಳಿವೆ, ಬೇರೆ ಕಷ್ಟಗಳೂ ಇವೆ. ಮನೆಯಲ್ಲಿ ಸಾರು ಕುದಿಯುತ್ತಿದ್ದರೂ ನದಿಯ ದಡದಲ್ಲಿ ಕೂತು ಮೀನಿಗೆ ಕಾಯುವವನೇ ಇಲ್ಲಿ ವಿಚಾರಕ್ಕೆ ವಸ್ತು. ಅವನ ಕುರಿತು ಪಂಡಿತರನ್ನು ಕಾಡುವ ಪ್ರಶ್ನೆ ಒಂದೇ. ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಟ್ಟರೆ ಅದು ಪುಣ್ಯವೋ, ಪಾಪವೋ, ಬೇಟೆಯೋ?

ಪೂರ್ವಾಚಾರ್ಯರಲ್ಲಿ ಅಗ್ರಗಣ್ಯನು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ. 12ನೆಯ ಶತಮಾನದ ತನ್ನ ‘ಮಾನಸೋಲ್ಲಾಸ’ದಲ್ಲಿ ರಾಜರ ವಿನೋದಗಳನ್ನು ಹೇಳುತ್ತ ಮತ್ಸ್ಯವಿನೋದಕ್ಕೂ ಜಾಗ ಕೊಟ್ಟ. ಮೀನಿನ ಜಾತಿಗಳು, ಅವಕ್ಕೆ ಹಾಕುವ ಉಂಡೆಗಳು, ದಾರ, ಗಾಳ ಎಲ್ಲವೂ ಅಲ್ಲಿವೆ. ಪರವಾನಗಿ ಕೊಡಬೇಕಾದವನು, ಪಡೆಯಬೇಕಾದವನು, ಗ್ರಂಥ ಬರೆದವನು ಮೂವರೂ ಒಬ್ಬನೇ ಆದ್ದರಿಂದ ಅರ್ಜಿ ನಮೂನೆಯ ಅಗತ್ಯ ಬೀಳಲಿಲ್ಲ. ಮುಂದೆ ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಪ್ರಕಟಿಸಿದ. ಕಲೆಕ್ಟರಿಗೂ ಗಾಳ ಹಾಕಲು ಪುರಸೊತ್ತು ಇದ್ದ ಕಾಲವೊಂದಿತ್ತು ಎಂಬುದಕ್ಕೆ ಇದು ಲಿಖಿತ ಆಧಾರ.

ಇನ್ನು ಆಧುನಿಕ ಮತತ್ರಯ.

ಮೊದಲನೆಯದು ಆಂಗ್ಲಮತ. ಇಂಗ್ಲೆಂಡಿನ ಸಿಹಿನೀರಿನಲ್ಲಿ ಗಾಳ ಹಾಕುವವನಿಗೆ 13 ವರ್ಷ ತುಂಬಿದ್ದರೆ ಲೈಸೆನ್ಸು ಕಡ್ಡಾಯ. 13ರಿಂದ 16 ವರ್ಷದವರಿಗೆ ಅದು ಉಚಿತ, ಉಚಿತವಾದರೂ ಕಡ್ಡಾಯ. ತಪ್ಪಿದರೆ 2,500 ಪೌಂಡಿನವರೆಗೆ ದಂಡ. ಲೈಸೆನ್ಸು ಸಿಕ್ಕಿತೆಂದು ನೀರಿಗೆ ಗಾಳ ಇಳಿಬಿಡುವಂತಿಲ್ಲ, ಆ ನೀರಿನ ಒಡೆಯನ ಅನುಮತಿಯೂ ಬೇಕು. ಮಾರ್ಚ್ 15ರಿಂದ ಜೂನ್ 15ರವರೆಗೆ ನದಿಗಳಲ್ಲಿ ಸಾಲ್ಮನ್, ಟ್ರೌಟ್‌ಗಳಲ್ಲದ ಇತರ ಮೀನುಗಳನ್ನು ಮಾತನಾಡಿಸುವ ಹಾಗಿಲ್ಲ. ಜೂನ್ 16ಕ್ಕೆ ಮೊದಲು ಸಿಕ್ಕ ಸಾಲ್ಮನ್‌ಗಳನ್ನು ನೀರಿಗೆ ಬಿಡಲೇಬೇಕು. ಈ ಮತದಲ್ಲಿ ಬಿಡುವುದೇ ಪುಣ್ಯ.

ಎರಡನೆಯದು ಜರ್ಮನ್ ಮತ. ಇದು ಜ್ಞಾನಮಾರ್ಗ. ಅಲ್ಲಿನ ಬಹುತೇಕ ರಾಜ್ಯಗಳಲ್ಲಿ ಗಾಳ ಹಿಡಿಯುವ ಮುನ್ನ ಪರೀಕ್ಷೆ ಪಾಸಾಗಬೇಕು. ಮೀನಿನ ಶರೀರರಚನೆ, ನೀರಿನ ಗುಣ, ಸಲಕರಣೆ, ಕಾನೂನು ಎಲ್ಲದರ ಮೇಲೂ ಪ್ರಶ್ನೆಗಳಿರುತ್ತವೆ. ಸಮಂಜಸ ಕಾರಣವಿಲ್ಲದೆ ಬೆನ್ನುಮೂಳೆಯ ಪ್ರಾಣಿಯನ್ನು ಕೊಂದರೆ ಅಲ್ಲಿನ ಪ್ರಾಣಿರಕ್ಷಣಾ ಕಾಯ್ದೆಯ ಪ್ರಕಾರ ಮೂರು ವರ್ಷದವರೆಗೆ ಸೆರೆವಾಸ ಅಥವಾ ದಂಡ; ವಿನಾಕಾರಣ ತೀವ್ರ ನೋವು ಕೊಡುವುದೂ ಅಪರಾಧವೇ. ಊಟ ಸಮಂಜಸ ಕಾರಣ. ಫೋಟೊ ಅಲ್ಲ. ಎಳೆಯ ಮೀನು, ಹಿಡಿಯಬಾರದ ಕಾಲದ ಮೀನು ಸಿಕ್ಕಿದರೆ ಬಿಡಬೇಕು, ಸರಿ. ಆದರೆ ಬಿಡಲೆಂದೇ ಹಿಡಿಯುವವನು ನೋವು ಕೊಡಲೆಂದೇ ಹಿಡಿದ ಹಾಗಾಯಿತು. ಇಂಗ್ಲೆಂಡಿನ ಪುಣ್ಯ ಕಡಲುಗಾಲುವೆ ದಾಟುವಷ್ಟರಲ್ಲಿ ಪಾಪವಾಗುತ್ತದೆ.

ಮೂರನೆಯದು ಕಾವೇರೀಮತ. ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆ ಶಿಬಿರಗಳಲ್ಲಿ ಬಹುಕಾಲ ನಡೆದ ಸೂತ್ರವಿದು: ಶುಲ್ಕ ಕಟ್ಟು, ಗಾಳಕ್ಕೆ ರಾಗಿ ಉಂಡೆ ಚುಚ್ಚು, ಮಹಶೀರ್ ಹಿಡಿ, ತೂಗು, ಫೋಟೊ ತೆಗೆಸಿಕೊ, ಬಿಡು. ಇಷ್ಟರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರ ತಿದ್ದುಪಡಿ ಬಂದು, ‘ಪ್ರಾಣಿ’ಯ ವ್ಯಾಖ್ಯೆಯಲ್ಲಿ ಮೀನಿನ ಹೆಸರೂ ಸೇರಿತು. ನದಿಯ ಆ ಭಾಗವೋ 1987ರಿಂದಲೇ ವನ್ಯಜೀವಿಧಾಮ. ಬೇಟೆಯ ವ್ಯಾಖ್ಯೆಯೊಳಗೆ ಕೊಲ್ಲುವುದಷ್ಟೇ ಅಲ್ಲ, ಸೆರೆಹಿಡಿಯುವುದು, ಆಮಿಷವೊಡ್ಡುವುದೂ ಇವೆ. ಹೀಗೆ ರಾಗಿ ಉಂಡೆ ಬೇಟೆಯ ಸಲಕರಣೆಯಾಯಿತು. 2010ರ ದಶಕದ ಆರಂಭದ ಹೊತ್ತಿಗೆ ಅಲ್ಲಿ ಗಾಳ ನಿಂತಿತು.

ಪೂರ್ವಪಕ್ಷದವರ ವಾದ: ದಡದಲ್ಲಿ ಗಾಳದವರು ಕೂತಿದ್ದರೆ ತೋಟೆ ಸಿಡಿಸುವವರು ಹತ್ತಿರ ಸುಳಿಯುತ್ತಿರಲಿಲ್ಲ. ಸಿದ್ಧಾಂತಿಗಳ ಉತ್ತರ: ಕಾವಲು ಕಾಯುವುದು ಇಲಾಖೆಯ ಕೆಲಸ, ಕಾವಲುಗಾರನ ಕೈಯಲ್ಲಿ ಗಾಳವೇಕೆ? ಎರಡೂ ವಾದಗಳು ಬಲವಾಗಿವೆ. ತೋಟೆಯೂ ಬಲವಾಗಿದೆ. ಅದನ್ನು ನೀರಿಗೆ ಎಸೆಯುವವನಿಗೆ 1897ರ ಭಾರತೀಯ ಮೀನುಗಾರಿಕಾ ಕಾಯ್ದೆ ವಿಧಿಸಿದ್ದು ಎರಡು ತಿಂಗಳವರೆಗಿನ ಸೆರೆ ಅಥವಾ 200 ರೂಪಾಯಿವರೆಗಿನ ದಂಡ.

ಈ ಚರ್ಚೆಯಲ್ಲಿ ಮೀನಿನ ದಾಖಲೆಪತ್ರಗಳನ್ನು ಯಾರೂ ಕೇಳಲಿಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಸದಸ್ಯರೊಬ್ಬರು ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದು ದಾಖಲೆ ಬರೆದರು. ಆದರೆ ಕಾವೇರಿಯ ಆ ಗೂನುಬೆನ್ನಿನ ಮಹಶೀರ್‌ಗೆ ಸರಿಯಾದ ವೈಜ್ಞಾನಿಕ ಹೆಸರು ಯಾವುದೆಂದು ಇತ್ಯರ್ಥವಾದದ್ದು 2018ರಲ್ಲಿ. ಕೇರಳದ ಪಾಂಬಾರ್ ನದಿಯ ಮೀನಿಗೆ ಮೊದಲೇ ಇಟ್ಟಿದ್ದ ‘ಟಾರ್ ರೆಮಾದೇವಿ’ ಎಂಬ ಹೆಸರೇ ಇದಕ್ಕೂ ಸಲ್ಲುತ್ತದೆಂದು ಸಂಶೋಧಕರು ತೋರಿಸಿದರು. ಅಷ್ಟರಲ್ಲಿ ಅದು ಅಳಿವಿನ ಅಂಚಿಗೆ ಬಂದಿತ್ತು. ಹಿಡಿಯುವವನ ಹೆಸರು, ವಿಳಾಸ, ರಸೀದಿ ಸಂಖ್ಯೆ ಎಲ್ಲ ಪಕ್ಕಾ ಇದ್ದವು. ಹೆಸರು ಗೊತ್ತಿಲ್ಲದಿದ್ದದ್ದು ಮೀನಿನದು ಮಾತ್ರ.

ನಾಲ್ಕನೆಯ ಮತವೊಂದುಂಟು, ಅದಕ್ಕೆ ಕಚೇರಿಯಿಲ್ಲ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳಿಗೆ ಗಾಳ ಹಾಕುವ ಮಾತೇ ಇಲ್ಲ. ಜನ ತಿಂಡಿ ಹಾಕುತ್ತಾರೆ, ಮೀನು ತಿಂದು ಹೋಗುತ್ತದೆ. ಈ ಮತಕ್ಕೂ ಮಿತಿಯಿದೆ: 1996ರಲ್ಲಿ ಶಿಶಿಲದ ನೀರಿಗೆ ದುಷ್ಕರ್ಮಿಗಳು ವಿಷ ಬೆರೆಸಿ ರಾಶಿ ರಾಶಿ ಮೀನು ಸತ್ತವು.

ಆದ್ದರಿಂದ ಗಾಳಪ್ರಿಯ ಓದುಗರಿಗೆ ಈ ಪ್ರಬಂಧದ ನಿರ್ಣಯವನ್ನು ಹೀಗೆ ತಿಳಿಸಲಾಗಿದೆ. ಹೊರಡುವ ಮುನ್ನ ನೀರು ಯಾರದೆಂದು, ಮೊಟ್ಟೆಯಿಡುವ ಕಾಲವೇ ಎಂದು, ಆ ಜಾಗ ವನ್ಯಜೀವಿಧಾಮವೇ ಎಂದು ಸಂಬಂಧಪಟ್ಟವರಲ್ಲಿ ವಿಚಾರಿಸತಕ್ಕದ್ದು. ವನ್ಯಜೀವಿಧಾಮವೆಂದು ತಿಳಿದುಬಂದಲ್ಲಿ ರಾಗಿ ಉಂಡೆಯನ್ನು ತಾವೇ ಉಣ್ಣತಕ್ಕದ್ದು. ಜೊತೆಗೆ ಯಾವ ಸಾರು ಎಂಬುದರ ಬಗ್ಗೆ ಕಾಯ್ದೆಯಲ್ಲಿ ನಿರ್ಬಂಧವಿಲ್ಲ.