ಮೊದಲ ಪಂಕ್ತಿ

ಮದುವೆ ಛತ್ರದ ಊಟದ ಹಾಲ್. ಹೆಣ್ಣಿನ ತಂದೆಯ ಕೈಯಲ್ಲಿ ಪಟ್ಟಿ, ಭಾವಮೈದನ ಕೈಯಲ್ಲಿ ಬಾಳೆಲೆ ಕಟ್ಟು.

‘ಭಾವ, ಎಲೆ ಹಾಕಿಸಲಾ?’

‘ತುದಿ ಎಡಕ್ಕೆ ಬರಲಿ ಮಾರಾಯ! ನಿಶ್ಚಿತಾರ್ಥದಲ್ಲಿ ತಿರುಗಿಸಿ ಹಾಕಿದ್ದಕ್ಕೆ ಬೀಗಿತ್ತಿ ಎದ್ದೇಬಿಟ್ಟಿದ್ದರು.’

‘ಉಪ್ಪು ಎಡ ಮೂಲೆಗೆ, ಕೋಸಂಬರಿ ಮೇಲೆ, ಪಾಯಸ ಬಲಗಡೆ ಕೆಳಗೆ. ಅದೆಲ್ಲ ಬಡಿಸುವವರಿಗೆ ಬಾಯಿಪಾಠ. ಮನುಷ್ಯರನ್ನ ಎಲ್ಲೆಲ್ಲಿ ಬಡಿಸೋದು, ಅದು ಹೇಳಿ.’

‘ಮೊದಲೆಲೆ ಬೀಗರಿಗೆ.’

‘ಅವರಣ್ಣ ಆಗಲೇ ಕೂತಾಯ್ತು. ಹಿರಿಯರಂತೆ.’

‘ಎದುರು ಸಾಲಲ್ಲಿ ಇನ್ನೊಂದು ಮೊದಲೆಲೆ ಶುರುಮಾಡು.’

‘ಅಲ್ಲಿ ಹುಡುಗನ ಸೋದರಮಾವ.’

‘ಫ್ಯಾನ್ ಕೆಳಗೆ?’

‘ಶಾಸಕರ ಪಿಎ ನಾಲ್ಕು ಕುರ್ಚಿಗೆ ಕರವಸ್ತ್ರ ಹಾಸಿ ಹೋಗಿದ್ದಾರೆ. ಸಾಹೇಬರು ಐದು ನಿಮಿಷದಲ್ಲಿ ಬರ್ತಾರಂತೆ.’

ಆ ಐದು ನಿಮಿಷ ಎಷ್ಟು ಉದ್ದವೆಂದು ಛತ್ರದ ಗಡಿಯಾರಕ್ಕೂ ಗೊತ್ತು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಪಟ್ಟಿಯಲ್ಲಿಲ್ಲದವರೆಲ್ಲ ನುಗ್ಗಿ ಕೂತರು. ಜಾಗ ಸಿಗದವರು ಕೂತವರ ಬೆನ್ನಿಗೇ ನಿಂತು, ಅವರು ಹೋಳಿಗೆ ನುಂಗುವ ವೇಗ ಅಳೆಯತೊಡಗಿದರು. ಕರವಸ್ತ್ರಗಳಲ್ಲಿ ಯಾರೋ ಎಲೆ ಒರೆಸಿಕೊಂಡರು.

‘ನಾವೆಲ್ಲಿ ಕೂರೋದು?’ ಬೀಗರು ಕೇಳಿದರು.

‘ತಮಗೆ ವಿಶೇಷವಾಗಿ ಎರಡನೇ ಪಂಕ್ತಿ! ಗಲಾಟೆ ಇರಲ್ಲ, ಸಾವಕಾಶವಾಗಿ...’

ಭಾವಮೈದ ಕಿವಿಯ ಬಳಿ ಬಗ್ಗಿದ: ‘ಭಾವ, ಹೋಳಿಗೆಯೂ ಇರಲ್ಲ.’