ಎರಿನಾಡಿನ ಗಿರಿವಸ್ತ್ರ ಮೀಮಾಂಸೆ

ಗಿರಿವಸ್ತ್ರವೆಂದರೆ ಬಯಲುಸೀಮೆಯವರು ತಣ್ಣನೆಯ ಎತ್ತರದ ಊರಿಗೆ ಹೊರಟಾಗ ಮೈಮೇಲೆ ಹಾಕಿಕೊಳ್ಳುವ, ಚೀಲಕ್ಕೆ ತುರುಕುವ ಮತ್ತು ಬಹುಪಾಲು ಮಡಿಕೆ ಬಿಚ್ಚದೆ ವಾಪಸು ತರುವ ಸಕಲ ಸರಂಜಾಮು. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ತಾಲೂಕುಗಳ ಮಟ್ಟಿಗೆ ಅಂಥ ಊರು ಊಟಿ. ಆಲ್ಪ್ಸ್ ಪರ್ವತದ ಊರುಗಳನ್ನು ಶಾಸ್ತ್ರ ಲೆಕ್ಕಕ್ಕೆ ಹಿಡಿದಿಲ್ಲ. ಸ್ವಿಟ್ಜರ್ಲೆಂಡಿನ ದಾವೋಸ್ ಇರುವುದು 1,560 ಮೀಟರ್ ಎತ್ತರದಲ್ಲಿ, ಊಟಿ ಇರುವುದು 2,240 ಮೀಟರಿನಲ್ಲಿ. ಊಟಿಗಿಂತ ತಗ್ಗಿನಲ್ಲಿರುವ ಊರಿಗೆ ಸ್ವೆಟರ್ ಒಯ್ಯುವ ರೂಢಿ ಇಲ್ಲಿಲ್ಲ. ದಾವೋಸಿನಲ್ಲಿ ಹಿಮ ಬೀಳುತ್ತದೆಂಬ ಆಕ್ಷೇಪವನ್ನು ಆಲಿಸಿ ಬದಿಗಿಡಲಾಗಿದೆ.

ನವಲಗುಂದದ ಎತ್ತರ 580 ಮೀಟರಿನ ಆಸುಪಾಸು. ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಅಂದರೆ ನವಲಗುಂದಕ್ಕೂ ಊಟಿಗೂ ನಡುವೆ ಹತ್ತು-ಹನ್ನೊಂದು ಡಿಗ್ರಿ ಅಂತರ. ಲೆಕ್ಕ ಸುಲಭ, ನಂಬುವುದು ಕಷ್ಟ. ಕಡಲಿ, ಜೋಳದ ರಾಶಿ ಮುಗಿದು, ಸಾಲಿ ಸೂಟಿ ಬಿದ್ದು ಪ್ರವಾಸಕ್ಕೆ ಕಾಲ ಕೂಡಿಬರುವುದು ಮೇ ತಿಂಗಳಲ್ಲಿ. ಎರಿಹೊಲ ಕೈ ತೂರುವಷ್ಟು ಬಿರಿದಿರುತ್ತದೆ. ಫ್ಯಾನಿನ ಕೆಳಗೆ ಬನಿಯನ್ನಿನಲ್ಲಿ ಕೂತವರ ಎದೆಗೆ ಡಾಂಬರು ಗುಳಿಗೆ ನಾರುವ ಸ್ವೆಟರ್ ಹಿಡಿದು ಅಳತೆ ನೋಡುವಾಗ, ಚಳಿಯೆಂಬುದು ಪರಲೋಕದಷ್ಟೇ ದೂರದ ಸಂಗತಿ. ಇಲ್ಲಿಯೇ ಎರಡು ಪಂಥಗಳು ಹುಟ್ಟುತ್ತವೆ. 'ಅಲ್ಲೇನ್ ಥಂಡಿ ಬಿಡ್ರಿ' ಎನ್ನುವ ನಾಸ್ತಿಕ ಪಂಥಕ್ಕೆ ಗಂಡಸರೇ ಹೆಚ್ಚು. ಮನೆಯ ಹಿರಿಯ ಹೆಣ್ಣುಮಗಳದು 'ಇರಲಿ' ಪಂಥ. ಈ ಮೂರಕ್ಷರದ ಸೂತ್ರದ ಬಲದಿಂದಲೇ ಎರಡು ಕೌದಿ, ಒಂದು ಜಮಖಾನಿ, ಅಮೃತಾಂಜನದ ಬಾಟಲಿ ಚೀಲದೊಳಗೆ ಇಳಿಯುತ್ತವೆ. ಜಮಖಾನಿ ನವಲಗುಂದದ್ದೇ, ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ನೇಯ್ಗೆ. ಊಟಿಯ ಕೆರೆದಂಡೆಯಲ್ಲಿ ಅದರ ಮೇಲೆ ಕೂತು ಬುತ್ತಿ ಬಿಚ್ಚುತ್ತಾರೆ.

ಶಾಸ್ತ್ರದ ಮೂಲಗ್ರಂಥಕ್ಕೆ 'ಯಾದಿ' ಎಂದು ಹೆಸರು. ಹಳೆಯ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಬರೆದದ್ದು, ಒಂದು ಮೂಲೆಯಲ್ಲಿ ಎಣ್ಣೆಯ ಕಲೆ. ಮೊದಲ ಪಾಠದಲ್ಲಿ 'ಸ್ವೆಟರ್ 4, ರೊಟ್ಟಿ 60' ಎಂದಿದ್ದರೆ, ಹೊರಡುವ ಹಿಂದಿನ ರಾತ್ರಿಯ ಪಾಠದಲ್ಲಿ 'ಸ್ವೆಟರ್ 2, ರೊಟ್ಟಿ 100'. ಇದನ್ನು ಲಿಪಿಕಾರನ ಪ್ರಮಾದವೆನ್ನಲಾಗದು. ಚೀಲದಲ್ಲಿ ಜಾಗ ಸಾಲದಿದ್ದರೆ ಬಟ್ಟೆ ಬಿಡಬೇಕು, ರೊಟ್ಟಿಯನ್ನಲ್ಲ ಎಂಬುದು ಸರ್ವಸಮ್ಮತ. ಉಳಿದ ಎರಡು ಸ್ವೆಟರುಗಳೂ ಖಡಕ್ ರೊಟ್ಟಿಯ ಕಟ್ಟಿನ ಮೇಲೊಂದು ಕೆಳಗೊಂದು ಸುತ್ತಿಕೊಂಡು, ರೊಟ್ಟಿ ಮುರಿಯದಂತೆ ಕಾಯುತ್ತವೆ. ರೊಟ್ಟಿ ತೀರುವ ತನಕ ಅವನ್ನು ತೊಡುವಂತಿಲ್ಲ. ತೊಟ್ಟಾಗ ಶೇಂಗಾ ಹಿಂಡಿಯ ವಾಸನೆ ಬರುತ್ತದೆ.

ಯಾದಿಯಲ್ಲಿ ಎಲ್ಲೂ ಕಾಣದ ವಸ್ತು ಕಂಬಳಿ. ಚಳಿ ನಿಜವಾಗಿ ಗೊತ್ತಿರುವುದು ಅದೊಂದಕ್ಕೇ. ಕುರುಬರು ಡೆಕ್ಕನಿ ಕುರಿಯ ಉಣ್ಣೆಯಿಂದ ನೇಯ್ದು, ಹುಣಸೆಬೀಜದ ಗಂಜಿ ಕುಡಿಸಿದ ಕರಿಕಂಬಳಿಯ ಮೇಲೆ ಮಳೆಹನಿ ಜಾರಿ ಹೋಗುತ್ತದೆ. ಉಣ್ಣೆ ತನ್ನ ತೂಕದ ಶೇ. 30ರಷ್ಟು ತೇವ ಹೀರಿದರೂ ಮೈಗೆ ಹಸಿ ಅನ್ನಿಸದು. ಹತ್ತಿಬಟ್ಟೆ ನೆನೆದರೆ ಇದ್ದ ಕಾವನ್ನೂ ಕಳೆಯುತ್ತದೆ. ಪರ್ವತಾರೋಹಣದ ಅಂಗಡಿಗಳು ಉಣ್ಣೆಯ ಇದೇ ಗುಣವನ್ನು ಮೆರಿನೋ ಎಂಬ ಹೆಸರಿನಲ್ಲಿ ಮಾರುತ್ತವೆ. ಡೆಕ್ಕನಿ ಉಣ್ಣೆ ಮೈಗೆ ಚುಚ್ಚುತ್ತದೆ, ಮೆರಿನೋದ್ದು ಬಿಲ್ಲು ಚುಚ್ಚುತ್ತದೆ. ಆದರೂ ಕಂಬಳಿ ಮನೆಯಲ್ಲೇ ಉಳಿಯಬೇಕಾದ ಕಾರಣ ಶಾಸ್ತ್ರೀಯವಲ್ಲ: 'ಊಟಿಗೆ ಕುರಿ ಕಾಯಾಕ ಬಂದಾರೇನ್ ಅಂತಾರ.' ಮುತ್ಯಾ ಮಾತ್ರ ಯಾದಿ ಓದುವವನಲ್ಲ. ಹೆಗಲ ಮೇಲಿನ ಕಂಬಳಿ ಹೆಗಲ ಮೇಲೆಯೇ ಗಾಡಿ ಹತ್ತುತ್ತದೆ. ಮಸಿನಗುಡಿ ದಾಟಿ ಕಲ್ಲಟ್ಟಿ ಘಾಟಿನ 36 ತಿರುವು ಏರುವಾಗ, ಇಪ್ಪತ್ತನೆಯ ತಿರುವಿಗೆ ನಾಸ್ತಿಕ ಪಂಥದ ಇಬ್ಬರು ಅದರ ಅಂಚು ಜಗ್ಗತೊಡಗುತ್ತಾರೆ. ಇನ್ನು ಊಟಿಯ ಮೂಲದವರಾದ ತೋಡರ ಪರಂಪರೆಯ ಉಡುಗೆ ಪೂತುಕುಳಿಯೂ ಮೈಸುತ್ತಿ ಹೊದೆಯುವ ದಪ್ಪ ಬಟ್ಟೆಯೇ. ಅವರನ್ನು ಯಾರೂ 'ಕುರಿ ಕಾಯಾಕ ಬಂದಾರೇನ್' ಎಂದು ಕೇಳಿದಂತಿಲ್ಲ.

ಮಳೆಯ ವಿಷಯದಲ್ಲಿ ಕಲಘಟಗಿಯವರ ಮಾತೇ ಪ್ರಮಾಣ. ಅವರ ತಾಲೂಕು ಅರೆಮಲೆನಾಡು. ಭತ್ತದ ಗದ್ದೆಯಲ್ಲಿ ನೆನೆದು ಪಳಗಿದವರು. ಯೂರಿಯಾ ಚೀಲದ ಒಂದು ಮೂಲೆಯನ್ನು ಇನ್ನೊಂದರೊಳಗೆ ತೂರಿಸಿ ತಲೆಗೆ ಇಳಿಬಿಡುವ ಕೊಪ್ಪಿ ಅವರ ಪಾಲಿಗೆ ಸಿದ್ಧಾಂತ. ಅದೇ ಚೀಲಕ್ಕೆ ಹಿಡಿಕೆ ಹೊಲಿಸಿದರೆ ಪ್ರವಾಸದ ಬ್ಯಾಗು. ಮೊದಲು 50 ಕಿಲೋ ಹಿಡಿಯುತ್ತಿತ್ತು, 2018ರಿಂದ 45. ಯಾದಿಯನ್ನು ಯಾರೂ ಅದಕ್ಕೆ ತಕ್ಕಂತೆ ತಿದ್ದಿಲ್ಲ.

ತಲೆಗೆ ಮಂಕಿ ಟೋಪಿ, ರುಮಾಲು, ಕೂಸಿಗೆ ಕುಂಚಿಗಿ. ಎತ್ತರ ಏರಿದಂತೆ ಬಿಸಿಲಿನ ನೇರಳಾತೀತ ಕಿರಣ ಚುರುಕಾಗುವುದರಿಂದ, ಮಧ್ಯಾಹ್ನ ಹನ್ನೆರಡಕ್ಕೆ ದೊಡ್ಡಬೆಟ್ಟದ ಮೇಲೆ ಮಂಕಿ ಟೋಪಿ ಹಾಕಿದವರನ್ನು ನೋಡಿ ನಗುವುದು ಅಜ್ಞಾನ. ಅವರು ಗೊತ್ತಿಲ್ಲದೆಯೇ ಸರಿ ಮಾಡಿದ್ದಾರೆ. ಅಣ್ಣಿಗೇರಿಯವನೆನ್ನಲಾದ ಪಂಪ ಬನವಾಸಿಯನ್ನು ನೆನಪಿಸುವ ತಂಗಾಳಿಯ ಬಗ್ಗೆ ಬರೆದೂ ಟೋಪಿಯ ಬಗ್ಗೆ ಚಕಾರವೆತ್ತಿಲ್ಲ. ಬನವಾಸಿಗೆ ಅದು ಬೇಕಿರಲಿಲ್ಲ. ಕಾಲಿಗೆ ಚಪ್ಪಲಿ. ಕಾಲುಚೀಲವನ್ನು ಹೆಬ್ಬೆರಳಿನ ಬಳಿ ಒಳಗೊತ್ತಿ ಚಪ್ಪಲಿಯ ಉಂಗುಟಕ್ಕೆ ಸಿಕ್ಕಿಸುವ ತಂತ್ರ ಬಲ್ಲವರಿಗೆ ಬೂಟಿನ ಪ್ರಕರಣ ಅನಗತ್ಯ.

ಒಡೆತನದ ಪ್ರಶ್ನೆಯೊಂದು ಉಳಿಯುತ್ತದೆ. ಓಣಿಯಲ್ಲಿ ಚಲೋ ಸ್ವೆಟರ್ ಇರುವುದು ಒಂದೋ ಎರಡೋ. ಉಳಿದವರದು ಕಡ ತಂದದ್ದು. ಗುಂಡಿ ಹೋದರೆ ಅದೇ ಬಣ್ಣದ ಗುಂಡಿ ಹಚ್ಚಿಸಿ ಕೊಡಬೇಕು, ಜೊತೆಗೆ ಒಂದು ಬಾಟಲಿ ನೀಲಗಿರಿ ಎಣ್ಣೆ, ಕಾಲು ಕಿಲೋ ಚಹಾಪುಡಿ. ಹೀಗೆ ಒಂದೊಂದು ಮೆರೂನ್ ಸ್ವೆಟರ್ ನಾಲ್ಕೈದು ಸಲ ಊಟಿ ಕಂಡಿರುತ್ತದೆ. ಅದರ ಒಡತಿ ಪ್ರತಿ ಸಲ ಎಣ್ಣೆಯ ಬಾಟಲಿಯನ್ನು ಮಾಡದಲ್ಲಿಟ್ಟು, ಸ್ವೆಟರನ್ನು ಬಿಸಿಲಿಗೆ ಹರವಿ, ಹೊಸ ಡಾಂಬರು ಗುಳಿಗೆ ಹಾಕಿ ಟ್ರಂಕು ಮುಚ್ಚುತ್ತಾಳೆ.