ಹಾಲಿಗೆ ಹೊರಟವನ ಪ್ರದಕ್ಷಿಣೆ

ಜರ್ಮನಿಯಲ್ಲಿ ಭಾನುವಾರ ಅಂಗಡಿಗಳಿಗೆ ಬೀಗ ಎಂಬುದು ನನಗೆ ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ಶನಿವಾರ ಸಂಜೆ ನೆನಪಾಗುವುದು ಬೇರೆ. ಬರ್ಲಿನ್ನಿಗೆ ಓದಲು ಬಂದ ಎರಡನೇ ತಿಂಗಳು, ಒಂದು ಭಾನುವಾರ ಬೆಳಗ್ಗೆ, ಊರಿನ ಕಾಫಿಪುಡಿ ಇದೆ, ಹಾಲಿಲ್ಲ. ಚೀಲ ಹಿಡಿದು ಹೊರಟೆ. ಎರಡು ಸೂಪರ್ ಮಾರ್ಕೆಟ್ಟುಗಳ ಗಾಜಿಗೆ ಮೂಗು ಒತ್ತಿ ನೋಡಿದ್ದಾಯಿತು. ಬರಿಗೈಲಿ ಮರಳಲು ಮನಸ್ಸಾಗದೆ ಎದುರಿಗಿದ್ದ ರೈಲು ನಿಲ್ದಾಣದ ಮೆಟ್ಟಿಲು ಹತ್ತಿದೆ.

ಇದನ್ನು ಸಾಹಸ ಅಂದುಕೊಳ್ಳಬೇಡಿ, ಶುದ್ಧ ಜಿಪುಣತನ. ರೈಲಿನಲ್ಲಿ ಎಷ್ಟು ಬೇಕಾದರೂ ತಿರುಗಬಹುದಾದ ಸೆಮಿಸ್ಟರ್ ಟಿಕೆಟ್ಟಿನ ಹಣ ಓದಿನ ಶುಲ್ಕದ ಜತೆಗೇ ಹೋಗಿತ್ತು. ಆ ಯೂರೋಗಳನ್ನು ರೂಪಾಯಿಗೆ ಗುಣಿಸಿದ ದಿನದಿಂದ ನಡೆದು ಹೋದ ಪ್ರತಿ ಹೆಜ್ಜೆಯೂ ನಷ್ಟವೆನಿಸುತ್ತಿತ್ತು.

ಬಂದದ್ದು ಎಸ್ 41, ಊರನ್ನು ಸುತ್ತುವ ರೈಲು. 37 ಕಿ.ಮೀ., 27 ನಿಲ್ದಾಣ, ಸುತ್ತಿಗೊಂದು ಗಂಟೆ. ಇದು ಗಡಿಯಾರದ ಮುಳ್ಳಿನಂತೆ ಪ್ರದಕ್ಷಿಣೆ ಹಾಕಿದರೆ ಎಸ್ 42 ಅಪ್ರದಕ್ಷಿಣೆ. ನಮ್ಮಜ್ಜಿಯಾಗಿದ್ದರೆ 42 ಹತ್ತಲು ಬಿಡುತ್ತಲೇ ಇರಲಿಲ್ಲ. ನಕ್ಷೆಯಲ್ಲಿ ಈ ಸುತ್ತು ನಾಯಿಯ ತಲೆಯಂತೆ ಕಾಣುವುದರಿಂದ ಬರ್ಲಿನ್ನಿನವರು ಅದನ್ನು ಹಾಗೇ ಕರೆಯುತ್ತಾರೆ. ಭೈರವನ ವಾಹನಕ್ಕೆ ಒಂದು ಪ್ರದಕ್ಷಿಣೆ ಆಗಲಿ ಎಂದು ಕೂತೆ. ಸೀಟು ಬೆಚ್ಚಗಿತ್ತು. ಕಣ್ಣು ಬಿಟ್ಟರೆ ಹತ್ತಿದ ನಿಲ್ದಾಣವೇ ಮತ್ತೆ ಬಂದಿದೆ. 1961ರಲ್ಲಿ ಬರ್ಲಿನ್ ಗೋಡೆ ಎದ್ದಾಗ ತುಂಡಾದ ಈ ಸುತ್ತು ಮತ್ತೆ ಕೂಡಿಕೊಂಡದ್ದು 2002ರಲ್ಲಿ. 41 ವರ್ಷ ಯಾರಿಗೂ ಸಾಧ್ಯವಾಗದ ಪ್ರದಕ್ಷಿಣೆಯನ್ನು ನಾನು ಗೊರಕೆ ಹೊಡೆಯುತ್ತಾ ಮುಗಿಸಿದ್ದೆ.

ಎರಡನೇ ಸುತ್ತಿನಲ್ಲಿ ನಾಚಿಕೆಯಾಗಿ ಟೆಂಪಲ್‌ಹೋಫ್‌ನಲ್ಲಿ ಇಳಿದೆ. ಅಲ್ಲಿನ ವಿಮಾನ ನಿಲ್ದಾಣ 2008ರಲ್ಲಿ ಮುಚ್ಚಿತು, 2010ರಿಂದ ಅದು ಊರಿನವರ ಉದ್ಯಾನ. ವಿಮಾನ ಓಡುತ್ತಿದ್ದ ರನ್‌ವೇ ಮೇಲೆ ಜನ ಸೈಕಲ್ಲು ಹೊಡೆಯುತ್ತಾರೆ, ಗಾಳಿಪಟ ಹಾರಿಸುತ್ತಾರೆ. ಬಿಳಿ ಪಟ್ಟೆಗಳ ಬಿರುಕಿನಲ್ಲಿ ಹುಲ್ಲು. ಮೂರು ಚಕ್ರದ ಸೈಕಲ್ಲಿನ ಪೋರನೊಬ್ಬ ಗಂಟೆ ಬಾರಿಸಿ ನನ್ನನ್ನು ಬದಿಗೆ ಸರಿಸಿ ಟೇಕಾಫ್ ಆದ. 1948ರಲ್ಲಿ ಸೋವಿಯತ್ತಿನವರು ಪಶ್ಚಿಮ ಬರ್ಲಿನ್ನಿನ ದಾರಿ ಮುಚ್ಚಿದಾಗ ಕಲ್ಲಿದ್ದಲು, ಹಿಟ್ಟು, ಹಾಲಿನ ಪುಡಿ ಹೊತ್ತ ವಿಮಾನಗಳು ಇಳಿದದ್ದು ಇಲ್ಲೇ. ಹಾಲು ಹುಡುಕುತ್ತಾ ನಾನು ಸರಿಯಾದ ಜಾಗಕ್ಕೇ ಬಂದಿದ್ದೆ, ಎಪ್ಪತ್ತು ಚಿಲ್ಲರೆ ವರ್ಷ ತಡವಾಗಿ.

ಅಷ್ಟರಲ್ಲಿ ಅಮ್ಮನ ಫೋನು.

“ಎಲ್ಲಿದ್ದೀಯೋ?”

“ಏರ್‌ಪೋರ್ಟಲ್ಲಮ್ಮ.”

“ಅಯ್ಯೋ! ಯಾಕೋ, ವಾಪಸ್ ಕಳಿಸ್ತಿದ್ದಾರಾ?”

“ಇಲ್ಲಮ್ಮ, ವೆಡಿಂಗ್‌ನಿಂದ ಹಾಗೇ ಸುಮ್ನೆ ಬಂದೆ.”

ಆ ಕಡೆ ಮೌನ. ಆಮೇಲೆ ಫೋನು ದೂರ ಹಿಡಿದ ದನಿ: “ರೀ, ಬೇಗ ಬನ್ನಿ ಇಲ್ಲಿ. ನಿಮ್ಮ ಮಗ ಮದುವೆ ಮಾಡ್ಕೊಂಡು ಎಲ್ಲಿಗೋ ಹೊರಟಿದ್ದಾನೆ!”

ವೆಡಿಂಗ್ ಎಂಬುದು ನನ್ನ ಹಾಸ್ಟೆಲ್ ಇರುವ ಬಡಾವಣೆಯ ಹೆಸರು, ಅಲ್ಲಿ ನನಗೆ ಹೆಣ್ಣು ಕೊಡುವವರು ಯಾರೂ ಇಲ್ಲ ಎಂದು ಇಬ್ಬರಿಗೂ ಒಪ್ಪಿಸುವ ಹೊತ್ತಿಗೆ ಫೋನಿನ ಬ್ಯಾಟರಿಯೂ ನನ್ನ ಉಸಿರೂ ಮುಗಿದಿದ್ದವು.

ಸಂಜೆ ಹಾಸ್ಟೆಲಿನ ಹಿಂದಿನ ಬೀದಿಯಿಂದ ಬಂದೆ. ಅಲ್ಲೊಂದು ಷ್ಪೇಟಿ, ಹೊತ್ತು ಮೀರಿಯೂ ತೆರೆದಿರುವ ಪುಟ್ಟ ಅಂಗಡಿಗಳಿಗೆ ಇಲ್ಲಿಯವರಿಟ್ಟ ಹೆಸರು ಅದು. ಬೆಳಗ್ಗೆಯಿಂದಲೂ ತೆರೆದೇ ಇತ್ತಂತೆ. ಹಾಲೂ ಇತ್ತು. ಆಗಲೇ ಎಡಕ್ಕೆ ತಿರುಗಿದ್ದರೆ ಹತ್ತು ನಿಮಿಷದಲ್ಲಿ ಕಾಫಿ ಕುಡಿಯಬಹುದಿತ್ತು. ಆದರೆ ಟಿಕೆಟ್ಟಿನ ದುಡ್ಡು ವಸೂಲಾಗುತ್ತಿರಲಿಲ್ಲ.